ಗೀತೆ ಮುಗಿದ ಮೇಲೂ ನಿಂತ ನಾದಿನಿ

ದೇಶಭಕ್ತಿ ಜಾಸ್ತಿಯಾಗಿ ಪೊಲೀಸರಿಗೆ ತಲೆನೋವು ತಂದವಳು ಅಂತ ಯಾರಾದ್ರೂ ಇದ್ರೆ ಅದು ನಮ್ಮ ನಾದಿನಿ, ನನ್ನ ಹೆಂಡತಿಯ ತಂಗಿ. ಬೇರೆಯವರು ರಾಷ್ಟ್ರಗೀತೆ ಶುರುವಾದ್ರೆ ನೆಟ್ಟಗೆ ನಿಲ್ತಾರೆ, ಮುಗಿದ್ರೆ ಕೈಕಾಲು ಸಡಿಲ ಬಿಡ್ತಾರೆ. ಇವಳೂ ನಿಲ್ತಾಳೆ. ಸಡಿಲ ಬಿಡೋದು ಮಾತ್ರ ಬೇಡಿಕೆ ಈಡೇರಿದ ಮೇಲೆ!

ಬೇಡಿಕೆ ಎಂತದು ಅಂತ ಹೇಳ್ತೀನಿ, ತಡೀರಿ. ಇವಳು ಸಾಗರದ ಒಂದು ಹೈಸ್ಕೂಲಲ್ಲಿ ಪಿ.ಟಿ. ಟೀಚರ್ ಆಗಿದ್ದು ರಿಟೈರಾದವಳು. ರಿಟೈರಾದ ಮೇಲೆ ಬೇರೆಯವರು ಭಜನಾ ಮಂಡಳಿ ಸೇರಿದ್ರೆ ಇವಳು ಹೆಂಗಸರ ಥ್ರೋಬಾಲ್ ಟೀಮು ಕಟ್ಟಿದ್ಲು. ಕೋಚೂ ಅವಳೇ, ಕ್ಯಾಪ್ಟನ್ನೂ ಅವಳೇ. ಟೀಮಲ್ಲಿ ಬ್ಯಾಂಕಿನವರು, ಅಡಿಕೆ ಸುಲಿಯೋರು, ಅಂಗನವಾಡಿ ಟೀಚರ್ರು, ಒಬ್ಬಳು ಟೈಲರ್. ಈ ಟೈಲರ್ ಹುಡುಗಿ ಚೆಂಡು ಹಿಡಿದ್ಲು ಅಂದ್ರೆ ಮುಗೀತು, ಅಂಟು ಹಚ್ಚಿದ ಹಾಗೆ.

ಟೂರ್ನಮೆಂಟು ಎಲ್ಲೇ ಆಗ್ಲಿ, ಗಣ್ಯರಿಗೆ ಶಾಲು ಇರತ್ತೆ, ಹಾರ ಇರತ್ತೆ, ಗೋಡಂಬಿ ಇರತ್ತೆ. ಹೆಂಗಸರು ಬಟ್ಟೆ ಬದಲಾಯಿಸೋಕೆ ಬಾಗಿಲಿರೋ ಒಂದು ಕೋಣೆ ಮಾತ್ರ ಇರಲ್ಲ. ನಾಲ್ಕು ಜನ ಸುತ್ತ ಸೀರೆ ಹಿಡಿದು ನಿಲ್ಲೋದು, ನಡುವೆ ಒಬ್ಬಳು ಬದಲಾಯಿಸೋದು. ಒಂದು ಸಲ ಆ ಟೈಲರ್ ಹುಡುಗಿ ಒಳಗಿದ್ದಾಗ ಕಾಂಪೌಂಡಿನ ಮೇಲಿಂದ ಯಾರದೋ ಮೊಬೈಲು ಇಣುಕಿತು. ಅವತ್ತೇ ಅವಳು ಆಟ ಬಿಟ್ಟಳು. ನಾದಿನಿ ಅವಳ ಅಂಗಡಿಗೆ ಹೋಗಿ ಕೂತಳು, ಬೇಡ ಅಂದ್ರೂ ಮತ್ತೆ ಮತ್ತೆ ಹೋದಳು. ಚಿಲಕ ಇರೋ ಕೋಣೆ ಕೊಡ್ಸಿ ಟೀಚರ್, ಬರ್ತೀನಿ ಅಂದಳಂತೆ ಹುಡುಗಿ. ಸಂಘಟಕರನ್ನ ಕೇಳಿದ್ರೆ, ಮುಂದಿನ ವರ್ಷ ನೋಡೋಣ ಮೇಡಂ ಅನ್ನೋದು. ಮುಂದಿನ ವರ್ಷ ಅನ್ನೋದು ಎಂದಾದ್ರೂ ಬಂದಿದ್ಯಾ ಮಾರಾಯ್ರೆ?

ಆಗ ಬೆಂಕಿಗೆ ತುಪ್ಪ ಹಾಕಿದವನು ನಾನೇ. ಬೇರೆ ದೇಶದಲ್ಲಿ ಆಟಗಾರರು ತಮ್ಮ ರಾಷ್ಟ್ರಗೀತೆ ಹೊತ್ತಿಗೆ ಮಂಡಿಯೂರಿ ಪ್ರತಿಭಟನೆ ಮಾಡ್ತಾರಲ್ಲ, ಆ ವಿಡಿಯೋ ತೋರ್ಸಿ, ನೀನೂ ಹೀಗೆ ಮಾಡು ಅಂತ ಕಿಚಾಯಿಸ್ದೆ. ಅವಳು ಕನ್ನಡಕ ಏರಿಸಿ ಪೂರ್ತಿ ನೋಡಿದ್ಲು.

"ನಂಗೆ ಗೀತೆ ಮೇಲೆ ಎಂತ ಸಿಟ್ಟು ಭಾವ? ಸಿಟ್ಟಿರೋದು ಮೈದಾನದವರ ಮೇಲೆ. ಅದೂ ಅಲ್ದೆ ಈ ಮಂಡೀಲಿ ಊರಿದ್ರೆ ಎಬ್ಬಿಸೋಕೆ ಕ್ರೇನ್ ತರ್ಸ್ಬೇಕು."

ಹಾಗಾಗಿ ಉಲ್ಟಾ ಮಾಡೋದು ಅಂತ ತೀರ್ಮಾನ ಆಯ್ತು. ಗೀತೆ ಮುಗಿದ ಮೇಲೂ, ಕೋಣೆ ಕೊಡೋ ತನಕ, ಟೀಮು ಸಾವಧಾನ್‌ನಲ್ಲೇ ನಿಲ್ಲೋದು. ಐಡಿಯಾ ಅವಳದ್ದೇ. ಆದ್ರೆ ಅದರ ಅರ್ಧ ಕೀರ್ತಿ ನಂಗೆ ಸೇರ್ಬೇಕು ಅಂತ ನಾನು ಸಾಗರದ ಎಲ್ಲ ಹೋಟೆಲಲ್ಲೂ ಹೇಳ್ಕೊಂಡು ಬಂದಿದೀನಿ.

ಮೊದಲ ಪ್ರಯೋಗ ಹೊಸನಗರದಲ್ಲಿ. ತೋಪು! ಇವಳಿಗೆ ಬಿಸಿಲು ಹೊಡೆದಿದೆ ಅಂತ ಯಾರೋ ಗ್ಲೂಕೋಸ್ ತಂದು ಬಾಯಿಗೆ ಹಿಡಿದ್ರು. ಇವಳು ಬಾಯಿ ತೆರೀಲಿಲ್ಲ. ಅಂಪೈರು ಗಡಿಯಾರ ನೋಡಿ ಎದುರು ಟೀಮಿಗೆ ವಾಕೋವರ್ ಕೊಟ್ಟೇಬಿಟ್ರು. ವಾಪಸ್ ಬರೋವಾಗ ಬಸ್ಸಲ್ಲೂ ಸಾಗರದ ತನಕ ನಿಂತೇ ಬಂದ್ಲು. ಅದು ಪ್ರತಿಭಟನೆ ಅಲ್ಲ, ಭಾನುವಾರದ ರಶ್ಶು.

ತೀರ್ಥಹಳ್ಳಿಯಲ್ಲಿ ಪೊಲೀಸರು ಬಂದ್ರು. ಹೊಸದಾಗಿ ಬಂದ ಎಸ್.ಐ., ಪಾಪ, ಇನ್ನೂ ಮೀಸೆ ಸರಿಯಾಗಿ ಕೂತಿರ್ಲಿಲ್ಲ. ನಾನೇ ಹೋಗಿ ಕೇಳ್ದೆ, ಗೀತೆ ನಡೀವಾಗ ಮರ್ಯಾದೆ ಕೊಡದಿದ್ರೆ ಕೇಸು ಹಾಕ್ತೀರಿ ಸರಿ, ಮುಗಿದ ಮೇಲೂ ಮರ್ಯಾದೆ ಕೊಟ್ರೆ ಯಾವ ಸೆಕ್ಷನ್ನು ಅಂತ. ಅವರು ಟೋಪಿ ತೆಗೆದು ತಲೆ ಕೆರ್ಕೊಂಡು, ಮೇಲಿನವರಿಗೆ ಫೋನ್ ಮಾಡ್ತೀನಿ ಅಂತ ಜೀಪು ಹತ್ತಿದವರು ಮತ್ತೆ ಇಳೀಲಿಲ್ಲ.

ಅಷ್ಟು ಹೊತ್ತಿಗೆ ನಂಗೂ ಕೈ ತುರಿಸ್ತಿತ್ತು. ಮದುವೆ ಮನೇಲಿ ಪುರೋಹಿತರನ್ನ ಮಂತ್ರದ ನಡುವೆ ನಗಿಸಿದ ದಾಖಲೆ ನಂದು. ಇವಳನ್ನ ಅಲ್ಲಾಡ್ಸೋಕೆ ಆಗಲ್ವಾ? ಮೈಕಿನ ಹತ್ರ ಹೋಗಿ ಗಂಭೀರವಾಗಿ ಹೇಳ್ದೆ: ಯಾರೋ ಒಲೆ ಮೇಲೆ ಹಾಲಿಟ್ಟು ಬಂದಿದೀರಂತೆ, ಮನೆಯಿಂದ ಫೋನ್ ಬಂದಿದೆ. ಎದುರು ಟೀಮಲ್ಲಿ ಅರ್ಧ ಜನ ಮೊಬೈಲು ಹುಡುಕ್ಕೊಂಡು ಓಡಿದ್ರು. ಮೆಟ್ಟಿಲ ಮೇಲೆ ಕೂತಿದ್ದ ಹೆಂಗಸರು ಎದ್ದು ಹೊರಟ್ರು. ನಾದಿನಿ ರೆಪ್ಪೆ ಕೂಡ ಮಿಟುಕಿಸ್ಲಿಲ್ಲ. ಆಟ ನೋಡೋಕೆ ಬಂದಿದ್ದ ನನ್ನ ಹೆಂಡತಿ ಮಾತ್ರ ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ್ಲು, ಎರಡು ತಾಲೂಕು ದಾಟಿ ಹಾಲು ಇಳಿಸೋಕೆ ಹೊರಟವಳು! ಆ ರಾತ್ರಿ ನಂಗೆ ಕಾಫಿ ಸಿಗಲಿಲ್ಲ. ಟೀಮಿಗೆ ಕೋಣೆಯೂ ಸಿಗಲಿಲ್ಲ ಅನ್ನಿ.

ಆಮೇಲೆ ಬಂತು ಸಾಗರದ ಟೂರ್ನಮೆಂಟು.

ಇಲ್ಲೊಂದು ವಿಷ್ಯ ಸಂಘಟಕರಿಗೆ ಹೊಳೆದಿರ್ಲಿಲ್ಲ. ಈ ಊರಲ್ಲಿ ಅರ್ಧ ಜನಕ್ಕೆ ಸಾವಧಾನ್ ಕಲಿಸಿದವಳೇ ಇವಳು. ಗೀತೆ ಮುಗೀತು. ನಾದಿನಿ ನಿಂತಳು, ಹಿಂದೆ ಟೀಮು ನಿಂತಿತು. ಅಂಪೈರು ಸೀಟಿ ಬಾಯಿಗಿಟ್ಟವನು ಊದಲಿಲ್ಲ. ಅವನು ಇವಳ ಸ್ಟೂಡೆಂಟು. ಬಂದೋಬಸ್ತಿಗೆ ಬಂದ ಪೇದೆ ಲಾಠಿ ಕಂಕುಳಿಗೆ ಸಿಕ್ಕಿಸಿ ಎದೆ ಉಬ್ಬಿಸಿ ನಿಂತ. ಅವನೂ ಸ್ಟೂಡೆಂಟು. ವೇದಿಕೆ ಮೇಲೆ ಅರ್ಧ ಕೂತಿದ್ದ ಸಮಿತಿ ಕಾರ್ಯದರ್ಶಿ, ಹೊಟ್ಟೆ ಬಿಟ್ಟುಕೊಂಡು ಓಡಾಡೋ ದೊಡ್ಡ ಅಡಿಕೆ ವ್ಯಾಪಾರಿ, ಟೀಚರನ್ನ ನೋಡಿದ್ದೇ ಹೊಟ್ಟೆ ಒಳಗೆ ಎಳ್ಕೊಂಡು ಎದ್ದ. ಎಲ್ಲರೂ ನಿಂತಿರೋವಾಗ ಮುಖ್ಯ ಅತಿಥಿ ಒಬ್ಬರೇ ಹೇಗೆ ಕೂರ್ತಾರೆ? ಅವರೂ ನಿಂತರು. ಯಾಕೆ ನಿಂತಿದೀವಿ ಅಂತ ಅವರು ಪಿಸುಗುಟ್ಟಿದ್ದು ಮೈಕಲ್ಲಿ ಊರಿಗೆಲ್ಲ ಕೇಳ್ತು.

"ಟೀಚರ್ ವಿಶ್ರಾಮ್ ಹೇಳಿಲ್ಲ ಸಾರ್," ಅಂದ ಕಾರ್ಯದರ್ಶಿ.

ಟೈಲರ್ ಹುಡುಗಿ ಗೇಟಿನ ಹತ್ರ ಇದ್ಲು, ಬ್ಯಾಗು ಎದೆಗೆ ಅವುಚಿಕೊಂಡು. ಬಂದಿದ್ಲು, ಒಳಗೆ ಬಂದಿರ್ಲಿಲ್ಲ.

ಇದೇ ಹೊತ್ತು ಅಂತ ನಾನು ಹೊರಟೆ. ತೀರ್ಥಹಳ್ಳಿಯ ಸೋಲು ಬಾಕಿ ಇತ್ತಲ್ಲ! ಜೇಬಲ್ಲಿ ನವಿಲುಗರಿ ಇಟ್ಕೊಂಡೇ ಬಂದಿದ್ದೆ, ಕಿವಿ ಹಿಂದೆ ಆಡ್ಸೋಣ ಅಂತ. ಹತ್ರ ಹೋದೆ. ದೂರದಿಂದ ಕಂಬದ ಹಾಗೆ ಕಂಡಿದ್ದವಳ ಕುತ್ತಿಗೇಲಿ ಬೆವರು ಇಳೀತಿತ್ತು. ಎಡಮಂಡಿ ಒಂದೇ ಸಮ ನಡುಗ್ತಿತ್ತು.

"ಭಾವ," ಅಂದ್ಲು, ತುಟಿ ಅಲ್ಲಾಡಿಸ್ದೆ. "ಇವತ್ತು ನಗಿಸ್ಬೇಡಿ. ಕಾಲು ಹೋಗ್ತಾ ಇದೆ."

ಗರಿ ಜೇಬಲ್ಲೇ ಉಳೀತು. ನಾನು ಅವಳ ಎಡಗಡೆ, ಭುಜಕ್ಕೆ ಭುಜ ತಾಗೋ ಹಾಗೆ ನಿಂತೆ. ಕೈ ಕೆಳಗೆ, ಮುಖ ಎದುರಿಗೆ. ಜನ ನಗೋಕೆ ತಯಾರಾದ್ರು, ನಾನು ಎಂತದೋ ಮಾಡ್ತೀನಿ ಅಂತ. ಮಾಡ್ಲಿಲ್ಲ.

ಕಾರ್ಯದರ್ಶಿ ವೇದಿಕೆ ಇಳಿದು ಬಂದ. ಎಂತ ಬೇಕು ಟೀಚರ್ ಅಂತ ಅವನು ಕೇಳ್ಲಿಲ್ಲ, ಗೊತ್ತಿತ್ತು ಅವನಿಗೆ. ವೇದಿಕೆ ಹಿಂದೆ ಅತಿಥಿಗಳ ತಿಂಡಿಗೆ ಅಂತ ಒಂದು ಕೋಣೆ ಇಟ್ಟಿದ್ರು. ಅವನೂ ಪೇದೆಯೂ ಸೇರಿ ಉಪ್ಪಿಟ್ಟಿನ ಪಾತ್ರೆ, ಕಾಫಿ ಡ್ರಮ್ಮು, ಕುರ್ಚಿ ಎಲ್ಲ ಹೊರಗೆ ತಂದು ಬಿಸಿಲಲ್ಲಿಟ್ರು. ಮುಖ್ಯ ಅತಿಥಿ ಉಪ್ಪಿಟ್ಟಿನ ಮೇಲೆ ಕಣ್ಣಿಟ್ಟೇ ಚಪ್ಪಾಳೆ ತಟ್ಟಿದ್ರು. ನಾದಿನಿ ಆಗಲೂ ಕದಲಲಿಲ್ಲ. ಅವಳು ನೋಡ್ತಿದ್ದದ್ದು ಗೇಟು.

ಟೈಲರ್ ಹುಡುಗಿ ಮೈದಾನ ದಾಟಿ ಬಂದ್ಲು, ಯಾರ ಮುಖಾನೂ ನೋಡ್ದೆ. ಕೋಣೆ ಒಳಗೆ ಹೋದ್ಲು. ಬಾಗಿಲು ಮುಚ್ಚಿತು. ಒಳಗಿಂದ ಚಿಲಕ ಬಿದ್ದ ಸದ್ದು ನಂಗೆ ಕೇಳ್ತು.

ಆಗ ನಾದಿನಿಯ ಭಾರ ನಿಧಾನಕ್ಕೆ ನನ್ನ ಭುಜಕ್ಕೆ ಬಂತು. ಊರು ಹೆದರೋ ಹೆಂಗಸು ಮಾರಾಯ್ರೆ, ಒಂದು ಹಿಡಿಯಷ್ಟೂ ತೂಕ ಇರ್ಲಿಲ್ಲ.

"ಸ್ವಲ್ಪ ಹೊತ್ತು ಅಲ್ಲಾಡ್ಬೇಡಿ ಭಾವ," ಅಂದ್ಲು.

ನಾನು ಅಲ್ಲಾಡ್ಲಿಲ್ಲ.