ಎಲ್ಲರೂ ಚೆನ್ನಾಗಿದೆ ಎಂದ ಪ್ಯಾಚು

ಪುಕ್ಕಟೆ ಕೆಲಸಕ್ಕೆ ಜನ ಸಿಗುವುದಿಲ್ಲ ಎನ್ನುವುದು ಸುಳ್ಳು. ಧಾರಾಳವಾಗಿ ಸಿಗುತ್ತಾರೆ. ಆ ಕೆಲಸವೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡುತ್ತಾರೆ. ನನಗೆ ಇದು ಪ್ರತಿ ಸಲವೂ ಆಗುತ್ತದೆ. ಪ್ರತಿ ಸಲವೂ ನಾನು ಮತ್ತೆ ಕರೆಯುತ್ತೇನೆ.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಂಬಳದ ಕೆಲಸ ಮುಗಿಸಿ, ಬಿಡುವಿನಲ್ಲಿ ನಾವು ನಾಲ್ಕು ಜನ ಒಂದು ಮುಕ್ತ ತಂತ್ರಾಂಶ ನೋಡಿಕೊಳ್ಳುತ್ತೇವೆ. ಪೆಟ್ಟಿಗೆಗಳಿಗೆ ಅಂಟಿಸುವ ಲೇಬಲ್ ಮುದ್ರಿಸುವುದು ಅದರ ಕೆಲಸ. ಸಣ್ಣ ಕಾರ್ಖಾನೆಗಳು ಬಳಸುತ್ತವೆ. ಒಮ್ಮೆ ಅದರಲ್ಲೊಂದು ದೋಷ ಸೇರಿಕೊಂಡು ಲೇಬಲ್ಲಿನ ಕೊನೆಯ ಸಾಲು ಅರ್ಧ ಕತ್ತರಿಸಿ ಬರತೊಡಗಿತು. ಪೀಣ್ಯದ ಒಂದು ಪ್ಯಾಕಿಂಗ್ ಘಟಕದ ಮೇಲ್ವಿಚಾರಕಿ, ಬಾಗಲಕೋಟೆ ಕಡೆಯವರು, ಫೋನ್ ಮಾಡಿದರು. ಆ ಸಾಲಿನಲ್ಲಿರುವ ಬ್ಯಾಚ್ ನಂಬರ್ ಕಾಣದ ಪೆಟ್ಟಿಗೆಯನ್ನು ಜಿಗಣಿಯ ಗಿರಾಕಿ ಇಳಿಸಿಕೊಳ್ಳುವುದಿಲ್ಲವಂತೆ. ದಿನವೂ ಒಂದೊಂದು ಪೆಟ್ಟಿಗೆಯ ಮೇಲೂ ಅವರೇ ಮಾರ್ಕರಿನಲ್ಲಿ ಬರೆಯುತ್ತಿದ್ದರು.

"ಕೈ ಬಿದ್ದು ಹೋಗಾಕತ್ತಾವ್ರೀ ಸರ. ಲಗೂನ ಏನಾರ ಮಾಡ್ರಿ."

ಪ್ಯಾಚು, ಅಂದರೆ ದೋಷಕ್ಕೆ ಹಾಕುವ ತೇಪೆ, ಎರಡು ದಿನದಲ್ಲಿ ತಯಾರಾಯಿತು. ಆದರೆ ಹೊರಗಿನ ಇಬ್ಬರು ಪರೀಕ್ಷಿಸಿ ಸರಿಯಿದೆ ಎನ್ನದೆ ಯಾವ ಪ್ಯಾಚನ್ನೂ ಸೇರಿಸಬಾರದೆಂಬುದು ನಮ್ಮ ನಿಯಮ. ನಿಯಮ ಮಾಡಿದವನು ನಾನೇ.

೧. ಹದಿನಾಲ್ಕು ಪುಟ

ಸ್ವಯಂಸೇವಕರಿಗೆ ಸುಲಭವಾಗಲಿ ಎಂದು, ಪರೀಕ್ಷಿಸುವುದು ಹೇಗೆಂದು ಹದಿನಾಲ್ಕು ಪುಟ ಬರೆದೆ. ವಾರವಾದರೂ ಒಬ್ಬರಿಂದಲೂ ಉತ್ತರವಿಲ್ಲ. ಆಫೀಸಿನ ಗೆಳೆಯನನ್ನು ಕೇಳಿದೆ.

"ಪೂರ್ತಿ ಓದ್ದೆ ಗುರು. ಸಕ್ಕತ್ತಾಗಿದೆ."

"ಟೆಸ್ಟ್ ಮಾಡಿದ್ಯಾ?"

"ಇಲ್ಲ. ಯಾರ ಹತ್ರನಾದ್ರೂ ಮುನ್ನುಡಿ ಬರೆಸು."

೨. ಶನಿವಾರದ ಶಿಬಿರ

ಓದುವುದು ಕಷ್ಟವಿರಬಹುದು, ಎದುರಿಗೆ ಕೂರಿಸಿ ಮಾಡಿಸೋಣ ಎಂದು ಸಿಂಗಸಂದ್ರದ ನಮ್ಮ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಶಿಬಿರ ಇಟ್ಟೆ. ತಿಂಡಿ ಇದೆ ಎಂದು ತಿಳಿಸಿದ್ದೆ. ಹಾಲ್ ತುಂಬಿತು. ಲ್ಯಾಪ್‌ಟಾಪ್ ತಂದವರು ಐದು ಜನ. ಚಾರ್ಜರ್ ತಂದವರು ಒಬ್ಬರು. ಮಧ್ಯಾಹ್ನದವರೆಗೂ ಆ ಒಂದು ಚಾರ್ಜರಿನ ಸರದಿ ನಡೆಯಿತು.

ಪರೀಕ್ಷೆ ಆಗಲೇ ಇಲ್ಲ ಎನ್ನಲಾರೆ. ಪರಸ್ಪರ ಪರಿಚಯವಿಲ್ಲದ ಆರು ಜನ, ಬೇರೆ ಬೇರೆ ಮೇಜಿನ ಮುಂದೆ ಕೂತು, ಒಂದೇ ದೋಷವನ್ನು ಖಚಿತವಾಗಿ ವರದಿ ಮಾಡಿದರು: ವಡೆ ಒಳಗೆ ಬೆಂದಿಲ್ಲ.

೩. ಒಂದೇ ಗುಂಡಿ

ಕೊನೆಗೆ ಎಲ್ಲವನ್ನೂ ಒಂದೇ ಗುಂಡಿಗೆ ಇಳಿಸಿದೆ. ಒತ್ತಿದರೆ ಹೊಸ ಆವೃತ್ತಿ ತಾನೇ ಇಳಿದು ತೆರೆದುಕೊಳ್ಳಬೇಕು. ಒಂದು ಲೇಬಲ್ ಮುದ್ರಿಸಿ ನೋಡಿ ಹೇಳಿದರೆ ಆಯಿತು. ಪೀಣ್ಯಕ್ಕೂ ಕಳಿಸಿದೆ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೂ ಹಾಕಿದೆ. ಹತ್ತು ನಿಮಿಷದಲ್ಲಿ ಹೆಬ್ಬೆರಳುಗಳ ಸುರಿಮಳೆ. 'ಸೂಪರ್', 'ಪ್ರಾಬ್ಲಂ ಸಾಲ್ವ್ ಆಗಿದೆ', 'ಮೊದಲಿಗಿಂತ ಫಾಸ್ಟ್'. ಮೂರನೇ ಮಹಡಿಯ ದಾವಣಗೆರೆ ಯಜಮಾನರಂತೂ ಲಿಫ್ಟಿನಲ್ಲೇ ಕೈ ಕುಲುಕಿದರು.

"ಏನೂ ತೊಂದ್ರೆ ಇಲ್ಲ ನೋಡ್ರಿ, ಭಾರಿ ಚೆನ್ನಾಗೈತಿ."

"ನಿಮ್ಮ ಪ್ರಿಂಟರ್ ಯಾವುದು ಸಾರ್?"

"ಪ್ರಿಂಟರ್ ಇಲ್ಲಲ್ಲ. ಅದಕ್ಕೇ ತೊಂದ್ರೆ ಬಂದಿಲ್ಲ."

೪. ಒಬ್ಬರ ದೂರು

ನಲವತ್ತು ಹೆಬ್ಬೆರಳಿಗೆ ಎದುರಾಗಿ ಬಂದದ್ದು ಒಂದೇ ದೂರು, ಪೀಣ್ಯದಿಂದ.

"ಹಂಗ ಐತ್ರೀ ಸರ. ಕೆಳಗಿನ ಸಾಲು ಅರ್ಧಕ್ಕ ಹೋಗಾಕತ್ತೈತಿ."

"ಗುಂಡಿ ಸರಿಯಾಗಿ ಒತ್ತಿದ್ರಾ ಮೇಡಂ? ನಲವತ್ತು ಜನ ಸರಿಯಾಗಿದೆ ಅಂದಿದಾರೆ."

"ಆ ನಲವತ್ತು ಮಂದಿನ್ನ ಇಲ್ಲಿ ಕಳಸ್ರಿ. ತಲಿಗೊಂದು ಮಾರ್ಕರ್ ಕೊಡ್ತೀನಿ."

ಬಳಸುವವರಿಗೆ ಸರಿಯಾಗಿ ಒತ್ತಲು ಬರುವುದಿಲ್ಲ ಎಂಬ ನಂಬಿಕೆ ನಮ್ಮ ವೃತ್ತಿಯ ಆಧಾರಸ್ತಂಭ. ಕಲಿಸಿಕೊಡೋಣ ಎಂದು ರಜೆ ಹಾಕಿ ಪೀಣ್ಯಕ್ಕೆ ಹೋದೆ. ಅವರು ಪೆಟ್ಟಿಗೆಗಳ ನಡುವೆ ನಿಂತು ಬರೆಯುತ್ತಿದ್ದರು, ಬೆರಳುಗಳು ಮಸಿಯಾಗಿದ್ದವು. ನನ್ನೆದುರೇ ಗುಂಡಿ ಒತ್ತಿದರು. ಸರಿಯಾಗಿಯೇ ಒತ್ತಿದರು. ಸಾಲು ಅರ್ಧವೇ ಬಂತು. ಆಮೇಲೆ ಪರದೆಯ ಮೂಲೆಗೆ ಬೆರಳಿಟ್ಟರು.

"ಈ ನಂಬರ್ ಏನ್ರೀ ಸರ? ಮೊದಲೂ ಇದ ಇತ್ತು."

ಅದು ಆವೃತ್ತಿಯ ಸಂಖ್ಯೆ. ಹಳೆಯದೇ. ಗುಂಡಿಗೆ ನಾನು ಕೊಟ್ಟ ವಿಳಾಸವೇ ಹಳೆಯ ಆವೃತ್ತಿಯದು. ಪ್ಯಾಚು ನನ್ನ ಕಂಪ್ಯೂಟರ್ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ನಲವತ್ತು ಜನರಿಗೆ ಮೊದಲಿಗಿಂತ ಫಾಸ್ಟ್ ಎನಿಸಿದ್ದು ಮೊದಲಿನದೇ.

ಅಲ್ಲೇ ಕೂತು ನನ್ನ ಲ್ಯಾಪ್‌ಟಾಪಿನಿಂದ ಪ್ಯಾಚನ್ನು ಏರಿಸಿ, ವಿಳಾಸ ತಿದ್ದಿದೆ. ಅವರು ಮತ್ತೆ ಒತ್ತಿದರು. ಲೇಬಲ್ ಬಂತು, ಕೊನೆಯ ಸಾಲು ಪೂರ್ತಿ. ಇಪ್ಪತ್ತು ಮುದ್ರಿಸಿ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಅವರು ಮಾರ್ಕರಿಗೆ ಮುಚ್ಚಳ ಹಾಕಿದ್ದು.

ವಾಪಸು ಬರುತ್ತ ಮೆಟ್ರೋದಲ್ಲಿ ಕೂತು ಗುಂಪಿಗೆ ಬರೆದೆ: 'ಹಿಂದೆ ಕಳಿಸಿದ್ದರಲ್ಲಿ ತಪ್ಪಿತ್ತು, ಕ್ಷಮಿಸಿ. ಈಗ ನಿಜವಾದ ಪ್ಯಾಚು ಬಂದಿದೆ. ಒತ್ತಿ ನೋಡಿ.' ಸಿಂಗಸಂದ್ರ ತಲುಪುವಷ್ಟರಲ್ಲಿ ಪ್ರಿಂಟರ್ ಇಲ್ಲದ ಯಜಮಾನರ ಅಭಿಪ್ರಾಯ ಬಂದಿತ್ತು:

'ನೋಡಿದೆ. ಹೋದ ವಾರದ ಪ್ಯಾಚೇ ಚೆನ್ನಾಗಿತ್ತು.'

ಅದರ ಕೆಳಗೆ ಮೂವತ್ತೆರಡು ಹೆಬ್ಬೆರಳು.