ಮೆಣಸಿನಕಾಯಿ ಮುಲಾಮು ಮತ್ತು ಕುರಿಗಾರ ಅಜ್ಜನ ಮೊಣಕಾಲು

ಮೂಡಲಗಿಯಲ್ಲಿ ಔಷಧದ ಅಂಗಡಿ ಇಟ್ಟು ಹದಿನೆಂಟು ವರ್ಷವಾಯಿತು. ಮಾರಿ ದಣಿದಿಲ್ಲ, ಹೇಗೆ ಬಳಸಬೇಕೆಂದು ಹೇಳಿ ಹೇಳಿ ಬಾಯಿ ಸೋತಿದೆ. ಅದರಲ್ಲೂ ಮೊಣಕಾಲು ನೋವಿಗೆ ಹಚ್ಚುವ ಮೆಣಸಿನಕಾಯಿ ಸತ್ವದ ಮುಲಾಮು ಬಂದ ಮೇಲೆ ವಾರಕ್ಕೊಂದು ಪ್ರಸಂಗ ತಪ್ಪುವುದಿಲ್ಲ. ನಾನು ಹೇಳುವುದು ನಾಲ್ಕೇ ಮಾತು. ಬಟಾಣಿ ಕಾಳಿನಷ್ಟು ಹಚ್ಚಿ, ಹಚ್ಚಿದ ಕೈಯನ್ನು ಸಾಬೂನಿನಿಂದ ತೊಳೆಯಿರಿ, ಅದರ ಮೇಲೆ ಬಿಸಿ ತಾಗಿಸಬೇಡಿ, ನಾಲ್ಕು ವಾರ ಬಿಡದೆ ಹಚ್ಚಿ. ಈ ನಾಲ್ಕನ್ನೂ ಪಾಲಿಸಿದವರು ಇದುವರೆಗೆ ಒಬ್ಬರೂ ಸಿಕ್ಕಿಲ್ಲ. ಹಾಗಾಗಿ ಮುಲಾಮು ಕೆಲಸ ಮಾಡುತ್ತದೋ ಇಲ್ಲವೋ ನನಗೂ ಖಾತ್ರಿ ಇಲ್ಲ.

೧. ಎಕ್ಕೆ ಎಲೆ

ತುಕ್ಕಾನಟ್ಟಿಯಿಂದ ಕುರಿಗಾರ ಅಜ್ಜನೊಬ್ಬ ಗೋಕಾಕದ ಡಾಕ್ಟರು ಬರೆದ ಚೀಟಿ ಹಿಡಿದು ಬಂದ. ಮೊಣಕಾಲು ಸವೆದು ಕುರಿ ಹಿಂದೆ ನಡೆಯುವುದು ಕಷ್ಟವಾಗಿತ್ತು. ಮಗ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ: ಒಂದು ತಿಂಗಳು ನೋಡುತ್ತೇನೆ, ದಾರಿಯಲ್ಲಿ ಎಲ್ಲೂ ಕೂರದೆ ಮಸಗುಪ್ಪಿ ಊರಿನತನಕ ಕುರಿ ಹೊಡೆದುಕೊಂಡು ಹೋದರೆ ಸರಿ, ಇಲ್ಲವಾದರೆ ಹಿಂಡನ್ನೆಲ್ಲ ಹುಕ್ಕೇರಿಯ ವ್ಯಾಪಾರಿಗೆ ಕೊಟ್ಟುಬಿಡೋಣ.

"ಕುರಿ ಹ್ವಾದ್ರ ನಾ ಕಟ್ಟಿ ಮ್ಯಾಲ ಕುಂತು ಯಾರ ಮಾರಿ ನೋಡ್ಲಿರಿ?" ಎಂದ ಅಜ್ಜ. ನನಗೆ ಪಾಪ ಅನ್ನಿಸಿತು. ನಾಲ್ಕೂ ಮಾತನ್ನು ಎರಡೆರಡು ಸಲ ಹೇಳಿ ಕಳಿಸಿದೆ.

ಮೂರನೇ ದಿನ ಮತ್ತೆ ಬಂದ. ಧೋತರ ಎತ್ತಿ ತೋರಿಸಿದರೆ ಮೊಣಕಾಲು ಟೊಮೆಟೊ ಹಣ್ಣಾಗಿತ್ತು.

"ಬಿಸಿ ತಾಗಸಬ್ಯಾಡ್ರಿ ಅಂತ ಹೇಳಿದ್ದಿಲ್ಲೇನ್ರಿ ಅಜ್ಜಾರ?"

"ಬಿಸಿನೀರ ಹಾಕೇ ಇಲ್ರಿ. ಎಕ್ಕಿ ಎಲಿಗೆ ಎಣ್ಣಿ ಸವರಿ, ಹಂಚಿನ ಮ್ಯಾಲ ಕಾಸಿ ಕಟ್ಟೇನಿ, ಅಷ್ಟ."

"ಅದೂ ಬಿಸಿನ ಅಲ್ಲೇನ್ರಿ?"

ಅಜ್ಜ ನನ್ನನ್ನೇ ಕನಿಕರದಿಂದ ನೋಡಿದ. "ಅದು ಬಿಸಿ ಅಲ್ರಿ. ಅದು ಔಷಧ."

೨. ಖಾರದ ರೊಟ್ಟಿ

ಕೆಂಪು ಇಳಿಯುವತನಕ ಬಿಟ್ಟು, ಆಮೇಲೆ ಹಚ್ಚಿ ಅಂದೆ. ಈ ಸಲ ಅಜ್ಜ ಹಚ್ಚಿದ ಕೈಯಲ್ಲೇ ಕಣ್ಣು ಒರೆಸಿಕೊಂಡು ಊರು ಒಂದು ಮಾಡಿದ. ಹೀಗಾಗಿ ಹಚ್ಚುವ ಕೆಲಸ ಸೊಸೆಯ ಪಾಲಿಗೆ ಬಂತು.

ನಾಲ್ಕು ದಿನದ ಮೇಲೆ ಆಕೆಯೇ ಅಂಗಡಿಗೆ ಬಂದಳು. ಹಿಂದಿನ ದಿನ ಮನೆಮಂದಿಯೆಲ್ಲ ಊಟಕ್ಕೆ ಕೂತಾಗ ಮೊದಲ ತುತ್ತಿಗೇ ಎಲ್ಲರ ತುಟಿ ಉರಿಯಲು ಶುರುವಾಯಿತಂತೆ. ಅತ್ತೆ ಚಟ್ನಿಯನ್ನು ಬೈದು ಪಕ್ಕಕ್ಕಿಟ್ಟು ಮೊಸರಲ್ಲಿ ರೊಟ್ಟಿ ಅದ್ದಿ ತಿಂದಳಂತೆ, ಆಗಲೂ ಉರಿ. ಗಂಡ ತಟ್ಟೆ ಬಿಟ್ಟೆದ್ದು ಹಿಟ್ಟಿನ ಗಿರಣಿಗೆ ಹೋಗಿ, ಮೆಣಸಿನಕಾಯಿ ಬೀಸಿದ ಕಲ್ಲಲ್ಲೇ ನಮ್ಮ ಜೋಳ ಬೀಸಿದ್ದೀ ಎಂದು ಗಿರಣಿಯವನ ಕೊರಳಪಟ್ಟಿ ಹಿಡಿದನಂತೆ.

ನನಗೆ ಅನುಮಾನ ಬಂತು. "ಮುಲಾಮ ಹಚ್ಚಿ ಕೈ ತೊಳಕೊಂಡಿದ್ದಿಲ್ಲೇನವಾ?"

"ತೊಳಕೊಂಡೇನ್ರಿ ಕಾಕಾ, ಸಾಬೂನ ಹಚ್ಚೆ ತೊಳಕೊಂಡೇನಿ," ಎಂದಳು ಆಕೆ. "ರೊಟ್ಟಿ ಬಡದಾದ ಮ್ಯಾಲ."

೩. ಚಲೋ ಮೊಣಕಾಲು

ಅಜ್ಜನ ತಿಂಗಳು ಅರ್ಧ ಕಳೆದಿತ್ತು. ಎರಡನೇ ಟ್ಯೂಬಿಗೆ ಬಂದು ಬೆಂಚಿನ ಮೇಲೆ ಕೂತಿದ್ದ. ಆಗ ಗೋಕಾಕ ಫಾಲ್ಸಿನ ಕಡೆಯ, ಮಿಲ್ಲಿನಿಂದ ನಿವೃತ್ತರಾದ ಹಿರಿಯರೊಬ್ಬರು ಖಾಲಿ ಟ್ಯೂಬು ಹಿಡಿದು ಬಂದರು. ಮೂಡಲಗಿಯ ಮಗಳ ಮನೆಯಲ್ಲಿ ಇದ್ದವರು.

"ಎರಡ ವಾರ ಹಚ್ಚೇನಿ, ನೋವಿಗೆ ಏನೂ ಫರಕ ಇಲ್ಲ," ಎಂದರು.

"ದಿನಾ ಹಚ್ಚೀರಿ?"

"ಒಂದ ದಿನಾನೂ ತಪ್ಪಿಸಿಲ್ಲ."

"ಕೈ ತೊಳದೀರಿ? ಬಿಸಿ ತಾಗಸಿಲ್ಲ?"

"ನೀವು ಹೇಳಿದಂಗ ಮಾಡೇನಿ."

ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಕೊನೆಗೂ ಒಬ್ಬ ಸಿಕ್ಕ. ಎಲ್ಲಿ, ಮೊಣಕಾಲು ತೋರಿಸಿ ಅಂದೆ. ಎಡಗಾಲು ಮುಂದೆ ಚಾಚಿದರು. ಆದರೆ ಒಳಗೆ ಬರುವಾಗ ಅವರು ಕುಂಟುತ್ತಿದ್ದುದು ಬಲಗಾಲಲ್ಲಿ.

"ನೋಯೂದು ಬಲಗಾಲ ಅಲ್ಲೇನ್ರಿ?"

"ಹೌದು. ಆದ್ರ ಮಿಲ್ಲಿನಾಗ ನಾವು ಹೊಸಾ ನೂಲ ಬಂದ್ರ ಮೊದಲ ಚಲೋ ಮಗ್ಗದ ಮ್ಯಾಲ ಹಾಕಿ ನೋಡತಿದ್ವಿ. ಕೆಟ್ಟ ಮಗ್ಗಕ್ಕ ಯಾರರ ಹೊಸಾ ಮಾಲ ಹಾಕ್ತಾರೇನು?"

ಬೆಂಚಿನ ಮೇಲಿದ್ದ ಅಜ್ಜ ತಲೆದೂಗಿದ. "ಇದು ಖರೆ ಶಾಣ್ಯಾತನ."

೪. ಮಸಗುಪ್ಪಿತನಕ

ತಿಂಗಳು ತುಂಬಿದ ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದಂತೆ ಅಜ್ಜನ ಫೋನು. ದನಿ ತೀರಾ ಸಣ್ಣಗಿತ್ತು.

"ನಿನ್ನಿ ಪರೀಕ್ಷಾ ಇತ್ರಿ. ಮಗ ಫಟಫಟಿ ತಗೊಂಡು ಹಿಂದಿಂದ ಬರತೇನಿ ಅಂದ. ಹೊಂಟು ಹತ್ತ ಹೆಜ್ಜಿ ಇಡೂದ್ರಾಗ ಮೊಣಕಾಲ ಹಿಡೀತು. ಕುಂತ್ರ ಕುರಿ ಹೋದಂಗನ. ನಿಂತ ನಿಂತಲ್ಲೆ ಒಂದೀಟ ಮುಲಾಮ ಬಳಕೊಂಡ್ನಿ. ನನ್ನ ಟಗರಿಗೆ ಬೆವರಿನ ಉಪ್ಪಂದ್ರ ಜೀವ. ಬಂದು ಮೊಣಕಾಲ ನೆಕ್ಕಿಬಿಡ್ತ್ರಿ."

"ಆಮ್ಯಾಲ?"

"ಆಮ್ಯಾಲ ಏನ್ರಿ, ಟಗರು ಓಡ್ತು. ಟಗರಿನ ಹಿಂದ ಹಿಂಡೆಲ್ಲಾ ಓಡ್ತು. ಯಾರದರ ಕಬ್ಬಿನಾಗ ಹೊಕ್ರ ಬಡದಾಟ ಅಂತ ನಾನೂ ಓಡಿದ್ನಿ. ಟಗರು ನಿಂತು ನೀರ ಕುಡಿದಾಗ ನೋಡತೇನಿ, ಮಸಗುಪ್ಪಿ. ಇವತ್ತ ಕಾಲ ಎತ್ತಾಕ ಬರವಲ್ದು. ಮಗ ನಿಮ್ಮ ಅಂಗಡಿಗೆ ಹೊಂಟಾನ, ಅವನ ಮುಂದ ಬಾಯಿ ಬಿಡಬ್ಯಾಡ್ರಿ."

ಫೋನು ಇಡುವಷ್ಟರಲ್ಲಿ ಮಗ ಬಂದೇಬಿಟ್ಟ. ಮುಖ ಅರಳಿತ್ತು.

"ಕುರಿ ಮಾರಂಗಿಲ್ರಿ," ಎಂದ. "ರಸ್ತೆ ತುಂಬ ಕುರಿ, ಅವುಗಳ ಹಿಂದ ಅಪ್ಪ. ನನ್ನ ಗಾಡಿಗೆ ಅಂವ ಸಿಗಲಿಲ್ಲ. ರಾತ್ರಿ ಮಲಗಿದಂವ ಇನ್ನೂ ಎದ್ದಿಲ್ಲ ನೋಡ್ರಿ, ಮೂರು ವರ್ಷದಾಗ ಇಂಥಾ ಸುಖನಿದ್ದಿ ಮಾಡಿದ್ದಿಲ್ಲ."

ಹದಿನೆಂಟು ವರ್ಷದಲ್ಲಿ ನಾನು ಗಿರಾಕಿಗೆ ಸುಳ್ಳು ಹೇಳಿದವನಲ್ಲ. ಅಜ್ಜನ ಸಣ್ಣ ದನಿ ಇನ್ನೂ ಕಿವಿಯಲ್ಲೇ ಇತ್ತು.

"ಎರಡ ದಿನ ಎಬ್ಬಸಬ್ಯಾಡ್ರಿ," ಎಂದೆ. "ಮಲಗಲಿ. ಆಮ್ಯಾಲ ಒಂದ್ಸಲ ಡಾಕ್ಟರಿಗೆ ತೋರಸ್ರಿ."

"ತೋರಸ್ತೇನ್ರಿ. ಈಗ ಇದ ಮುಲಾಮ ಇನ್ನೂ ನಾಕ ಟ್ಯೂಬ ಕೊಡ್ರಿ. ನಮ್ಮ ಅವ್ವಗೂ ಮೊಣಕಾಲ ಬ್ಯಾನಿ ಐತಿ, ನಮ್ಮ ಅತ್ತಿಗೂ ಐತಿ. ಅವರೂ ಅಪ್ಪನಂಗ ಓಡಬೇಕು."

ನಾಲ್ಕು ಟ್ಯೂಬು ಕಟ್ಟಿಕೊಟ್ಟೆ. ಬಟಾಣಿ ಕಾಳಿನಷ್ಟು ಹಚ್ಚಿ, ಕೈ ತೊಳೆಯಿರಿ, ಬಿಸಿ ತಾಗಿಸಬೇಡಿ, ನಾಲ್ಕು ವಾರ ಬಿಡಬೇಡಿ ಎಂದು ಮತ್ತೊಮ್ಮೆ ಹೇಳಿದೆ. ಟಗರನ್ನು ದೂರ ಕಟ್ಟಿ ಅನ್ನಬೇಕೋ, ಹತ್ತಿರ ಕಟ್ಟಿ ಅನ್ನಬೇಕೋ, ಅದೊಂದು ಮಾತ್ರ ನನಗೆ ತಿಳಿಯಲಿಲ್ಲ.