ದೇವಿಗೆ ಒಪ್ಪಿಸಿದ ಓಕ್ ಕಾಡಿನೊಳಗೆ ಉಳಿದುಹೋದ ಎಮ್ಮೆಯ ಕುರಿತು

ವನ ಪಂಚಾಯತಿ ಕಚೇರಿ, ಬಾಂಜ್‌ಧಾರ್ ಗ್ರಾಮ, ಕುಮಾವೂಂ
ಸಂಖ್ಯೆ: ವಪಂ/ಓಕ್/ಎಮ್ಮೆ/7 (ಮರುಪರಿಷ್ಕೃತ)

ವಿಷಯ: ಊರೊಟ್ಟಿನ ಓಕ್ ಕಾಡಿನ ದೀರ್ಘಾವಧಿ ಸಂರಕ್ಷಣೆ ಹಾಗೂ ತತ್ಸಂಬಂಧ ಉದ್ಭವಿಸಿದ ಎಮ್ಮೆ.

ಉಲ್ಲೇಖ: 1. ಗ್ರಾಮಸಭೆಯ ನಿರ್ಣಯ.
2. ಶ್ರೀಮತಿ ಖಿಮುಲಿ ದೇವಿಯವರ ಬೈಗುಳ (ಮೌಖಿಕ, ಪ್ರತಿದಿನ).

ಸೊಪ್ಪಿಗಾಗಿ ಸವರಿ ಸವರಿ ಬೋಳಾದ ಕಾಡು ಚೇತರಿಸದಿದ್ದಲ್ಲಿ ಕೆಳಗಿನ ಚಿಲುಮೆ ಬತ್ತುವುದೆಂದು ಮನಗಂಡು, ರೂಢಿಯಂತೆ ಸದರಿ ಕಾಡನ್ನು ಹತ್ತು ವರ್ಷ ಬನದೇವಿಗೆ ಒಪ್ಪಿಸಿ ಸುತ್ತಲೂ ಕೆಂಪು ಬಟ್ಟೆ ಕಟ್ಟಲಾಗಿರುತ್ತದೆ. "ಒಳಗಿರುವುದೆಲ್ಲ ದೇವಿಯದು, ಏನೂ ಹೊರಬರಕೂಡದು" ಎಂದು ಸರಪಂಚರು ಆಣೆಯಿಟ್ಟ ಗಳಿಗೆಯಲ್ಲಿ ಖಿಮುಲಿ ದೇವಿಯವರ ಏಕೈಕ ಎಮ್ಮೆ ಚಂದ್ರಿ ಒಳಗೆ ಮೇಯುತ್ತಿದ್ದುದು ತಡವಾಗಿ ಗಮನಕ್ಕೆ ಬಂದಿರುತ್ತದೆ. ಆಣೆ ಆಣೆಯೇ ಆದ ಕಾರಣ ಹೊರಡಿಸಿದ್ದ ನಿಯಮಗಳು ಹೀಗಿದ್ದವು:

1. ಸದರಿ ಎಮ್ಮೆಯನ್ನು ಓಕ್ ಮರವೆಂದೇ ಭಾವಿಸತಕ್ಕದ್ದು. ಕಡಿಯುವುದು, ಸವರುವುದು, ಎಳೆದೊಯ್ಯುವುದು ನಿಷಿದ್ಧ.

2. ಹಾಲು ಅರಣ್ಯೋತ್ಪನ್ನವಾದ್ದರಿಂದ ಕಾಡಿನೊಳಗೇ ಕುಡಿಯತಕ್ಕದ್ದು. ಕುಡಿದವರು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೊರಬರುವ ವಿಷಯ ಉಪಸಮಿತಿಯ ಪರಿಶೀಲನೆಯಲ್ಲಿದೆ.

3. ಒಂದು ಮರವು ಇನ್ನೊಂದು ಮರದ ಸೊಪ್ಪು ತಿನ್ನುವುದು ಅಸಹಜವಾದ್ದರಿಂದ ಎಮ್ಮೆ ತಿನ್ನಕೂಡದು.

4. ಗಡಿಯಲ್ಲಿ ನಿಂತು "ಚಂದ್ರೀ" ಎಂದು ಕೂಗುವುದು ಪ್ರಚೋದನೆ ಎನಿಸುತ್ತದೆ. ಈ ಬಗ್ಗೆ ಖಿಮುಲಿ ದೇವಿಯವರು, "ದೇವಿ ಬಂದು ನನ್ನ ಎಮ್ಮೆ ಕೇಳಿದ್ಳೇನೋ ಚನರ್ ಭಾವ? ನನ್ನ ಮನೆ ಒಲೆ ಉರಿಯೋದೇ ಚಂದ್ರಿಯಿಂದ ಕಣೋ!" ಎಂದು ಸರಪಂಚರನ್ನು ಪ್ರಶ್ನಿಸಿರುತ್ತಾರೆ. ಪ್ರಶ್ನೆಯನ್ನು ಸದರಿ ಉಪಸಮಿತಿಗೆ ವರ್ಗಾಯಿಸಲಾಗಿದೆ.

ಈ ನಿಯಮಗಳನ್ನು ಎಮ್ಮೆಗೆ ಖುದ್ದು ತಿಳಿಸಲು ಸರಪಂಚರು ನಿನ್ನೆ ಒಳಗೆ ತೆರಳಿರುತ್ತಾರೆ. ಹಿಂದಿರುಗುವಾಗ ಊರಿನ ಹೆಂಗಸರೆಲ್ಲ ಕುಡುಗೋಲು ಹಿಡಿದು ದಾರಿಗೆ ಅಡ್ಡ ನಿಂತಿರುತ್ತಾರೆ. "ಒಳಗಿರೋದೆಲ್ಲ ದೇವಿದು ತಾನೆ? ನೀನೂ ಅಲ್ಲೇ ಇರಪ್ಪ, ಹತ್ತು ವರ್ಷ. ಹಾಲಂತೂ ಇದೆ!" ಎಂದು ಖಿಮುಲಿ ದೇವಿಯವರು ತಿಳಿಸಿದ್ದು, ನಿಯಮಾನುಸಾರ ಆಕ್ಷೇಪಣೆಗೆ ಅವಕಾಶ ಕಂಡುಬಂದಿಲ್ಲ.

ಹೊತ್ತು ಮುಳುಗಿ, ಹತ್ತಿರದಲ್ಲೇ ಚಿರತೆ ಕೆಮ್ಮಿದ ಹಿನ್ನೆಲೆಯಲ್ಲಿ, ಸಾರ್ವಜನಿಕ ಹಿತದೃಷ್ಟಿಯಿಂದ ಸ್ಥಳದಲ್ಲೇ ಕೆಳಕಂಡ ತಿದ್ದುಪಡಿ ಮಾಡಲಾಗಿದೆ:

5. ನಾಲ್ಕು ಕಾಲಿನವುಗಳಿಗೆ ಹೊರಬರಲು ವಿನಾಯಿತಿ ಇರತಕ್ಕದ್ದು.

ಅದರಂತೆ ಚಂದ್ರಿ ಹೊರಬಂದು ಒಡತಿಯ ಕೈ ನೆಕ್ಕಿರುತ್ತದೆ. ಖಿಮುಲಿ ದೇವಿಯವರು ಅದರ ಕೊರಳು ತಬ್ಬಿ ಅತ್ತಿರುತ್ತಾರೆ. ನಂತರ ಕಣ್ಣೊರೆಸಿಕೊಂಡು, "ಈಗ ನೀನು ಬಾ ಭಾವ. ನಿಯಮ ಗೊತ್ತಲ್ಲ?" ಎಂದಿರುತ್ತಾರೆ. ಸರಪಂಚರು ಸದರಿ ವಿನಾಯಿತಿಯ ಅಡಿಯಲ್ಲಿಯೇ, ಕೈಗಳನ್ನೂ ನೆಲಕ್ಕೂರಿ, ಗಡಿ ದಾಟಿರುತ್ತಾರೆ.

ಇನ್ನು ಹತ್ತು ವರ್ಷ ಒಂದು ಎಲೆಯನ್ನೂ ಯಾರೂ ಮುಟ್ಟುವುದಿಲ್ಲವೆಂದು ಹೆಂಗಸರು ನಗುನಗುತ್ತಲೇ ಆಣೆಯಿಟ್ಟಿರುವುದನ್ನು ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ.

ಸಹಿ/-
(ಚನರ್ ಸಿಂಗ್ ರೌತೇಲಾ)
ಸರಪಂಚರು
(ಮಂಡಿ ತರಚಿದ್ದರಿಂದ ನಿಂತುಕೊಂಡು ಸಹಿ ಮಾಡಲಾಗಿದೆ)

ಪ್ರತಿಗಳು:
1. ಬನದೇವಿ, ಕಾಡಿನ ಗುಡಿ: ಕ್ಷಮಾಪಣೆಯೊಂದಿಗೆ.
2. ಚಂದ್ರಿ: ಕಿವಿಯ ಬಳಿ ಗಟ್ಟಿಯಾಗಿ ಓದಿ ಹೇಳತಕ್ಕದ್ದು.
3. ಶ್ರೀಮತಿ ಖಿಮುಲಿ ದೇವಿ: ನಾಲ್ಕು ಕಾಲಿನ ಸಂಗತಿಯನ್ನು ತವರಿನಲ್ಲಿ ಹೇಳಬಾರದೆಂಬ ಕೋರಿಕೆಯೊಂದಿಗೆ.
4. ಶ್ರೀಮತಿ ಖಿಮುಲಿ ದೇವಿಯವರ ತವರು: ಈಗಾಗಲೇ ಗೊತ್ತಾಗಿರುವುದರಿಂದ, ಕಡತಕ್ಕಾಗಿ.